ಆನ್‌ಲೈನ್ ಕೋರ್ಸಿನ ಚರ್ಚೆಯಲ್ಲಿ ಯಾರೂ ಮಾತಾಡದಿದ್ದರೆ ಏನು ಮಾಡ್ತೀರಿ?

ಪ್ರಶ್ನೆ: ಮೂಡಲ್‌ನಲ್ಲಿ (ಆನ್‌ಲೈನ್ ಪಾಠ ನಡೆಸುವ ತಂತ್ರಾಂಶ) ಸಂಖ್ಯಾಶಾಸ್ತ್ರದ ಕೋರ್ಸ್ ನಡೆಸುತ್ತಿದ್ದೇನೆ. ಅರವತ್ತು ಜನ ಇದ್ದಾರೆ. ಚರ್ಚೆಗೆ ಬರೋದು ‘ಅಸೈನ್‌ಮೆಂಟಿಗೆ ಕೊನೇ ದಿನ ಯಾವತ್ತು ಮೇಡಂ?’ ಅನ್ನೋದು ಮಾತ್ರ. ಅನುಭವ ಇದ್ದವರು ಹೇಳಿ.

ಉತ್ತರ 1: ಮೇಡಂ, ಅರವತ್ತು ಜನರೆದುರು ಬಾಯಿ ಬಿಡೋಕೆ ಯಾರಿಗಾದರೂ ಮುಜುಗರ. ಹತ್ತತ್ತು ಜನರ ಗುಂಪು ಮಾಡಿ. ಮೂಡಲ್‌ನಲ್ಲಿ ಗುಂಪುಗಳನ್ನು ಪ್ರತ್ಯೇಕ ಇಟ್ಟರೆ ಒಂದರ ಮಾತು ಇನ್ನೊಂದಕ್ಕೆ ಕಾಣುವುದಿಲ್ಲ.

ಇನ್ನು ಪ್ರಶ್ನೆ. ‘ಸರಾಸರಿ ಎಂದರೇನು, ಚರ್ಚಿಸಿ’ ಅಂದರೆ ಒಬ್ಬರು ಪುಸ್ತಕ ನೋಡಿ ಬರೀತಾರೆ, ಉಳಿದವರಿಗೆ ಹೇಳೋಕೆ ಏನಿರುತ್ತೆ? ನಾನು ಮನೆಯ ಕರೆಂಟ್ ಬಿಲ್ ತೆಗೆದು ಹೋದ ತಿಂಗಳ ಯೂನಿಟ್ ಬರೆಯಿರಿ ಅಂದೆ. ಗೃಹಜ್ಯೋತಿಯಿಂದ ಬಿಲ್ ಸೊನ್ನೆಯಾದರೂ ಯೂನಿಟ್ ಅಚ್ಚಾಗಿರುತ್ತದಲ್ಲ. ಒಂದು ಗುಂಪಿನಲ್ಲಿ ಎಲ್ಲರದೂ ನೂರರ ಆಸುಪಾಸು, ಒಬ್ಬ ಹುಡುಗನದು ಮಾತ್ರ 900! ಸರಾಸರಿ ತೆಗೆದರೆ ಯಾರ ಮನೆಗೂ ಹೊಂದದ ಸಂಖ್ಯೆ ಬಂತು. ‘ಏನಪ್ಪಾ, ಫ್ಯಾಕ್ಟರಿ ಇಟ್ಟಿದ್ದೀಯಾ?’ ಅಂತ ಶುರುವಾಯಿತು. ಅವನು ಹಾಕಿದ್ದು ಕೆಳಗಿನ ಹಿಟ್ಟಿನ ಗಿರಣಿಯ ಮೀಟರಿನ ಲೆಕ್ಕ. ಅದನ್ನು ಬಿಡಬೇಕೋ ಇಡಬೇಕೋ ಅಂತ ಎರಡು ದಿನ ಜಗಳ. ಮಧ್ಯಾಂಕ, ಅಂದರೆ ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರೋದು, ತೆಗೆದು ನೋಡೋಣ ಅಂದದ್ದು ಅವರಲ್ಲೇ ಒಬ್ಬಳು. ನಾನು ಸುಮ್ನೆ ಓದುತ್ತಾ ಕೂತಿದ್ದೆ.

ಉತ್ತರ 2: ಮೂಡಲ್‌ನಲ್ಲಿ ಪ್ರಶ್ನೋತ್ತರ ಮಾದರಿಯ ಚರ್ಚೆ ಇದೆ, ಬಳಸಿ. ತಾನು ಬರೆಯೋ ತನಕ ಬೇರೆಯವರದು ಕಾಣಲ್ಲ, ನಕಲು ಕಡಿಮೆ. ಬರೆದ ಮೇಲೂ ತಿದ್ದುವ ಅವಧಿ ಮುಗಿಯಬೇಕು, ಸಾಮಾನ್ಯವಾಗಿ ಅರ್ಧ ಗಂಟೆ. ಮೊದಲೇ ಹೇಳಿಬಿಡಿ, ಇಲ್ಲಾಂದ್ರೆ ‘ಏನೂ ಕಾಣ್ತಿಲ್ಲ’ ಅಂತ ಫೋನ್ ಮೇಲೆ ಫೋನ್. ಪೋಸ್ಟಿಗೆ ಅಂಕ ಕೊಡಿ, ಅಂಕ ಇಲ್ಲದೆ ನಮ್ಮ ಹುಡುಗರು ಅಲ್ಲಾಡಲ್ಲ.

ಉತ್ತರ 3: ಅಂಕದ ಮಾತು ಒಪ್ಪಲ್ಲ ಸರ್. ಪೋಸ್ಟಿಗೆ ಅಂಕ ಇಟ್ಟ ಕೋರ್ಸೊಂದರಲ್ಲಿ ನಾನಿದ್ದೆ. ‘ಚೆನ್ನಾಗಿ ಬರೆದಿದ್ದೀರಿ, ನನ್ನದೂ ಅದೇ ಅಭಿಪ್ರಾಯ’ ಅಂತಲೇ ಪುಟ ತುಂಬಿತ್ತು. ಎನ್‌ಪಿಟಿಇಎಲ್‌ನಲ್ಲಿ (ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ಕೋರ್ಸುಗಳು) ಸಾಮಾನ್ಯವಾಗಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75, ಚರ್ಚೆಗೆ ಏನೂ ಇಲ್ಲ. ಆದರೂ ಲೆಕ್ಕ ಬಿಡಿಸೋಕೆ ಆಗದಿದ್ದಾಗ ಎಲ್ಲರೂ ಅಲ್ಲಿಗೇ ಬರ್ತಾರೆ.

ಮೇಡಂ, ಇನ್ನೊಂದು. ಯಾರಾದರೂ ಕೇಳಿದ ತಕ್ಷಣ ನೀವೇ ಉತ್ತರ ಕೊಡಬೇಡಿ. ಒಂದು ದಿನ ಬಿಡಿ. ಮರುದಿನವೂ ಯಾರೂ ಬರದಿದ್ದರೆ, ಆ ಲೆಕ್ಕ ಸರಿ ಮಾಡಿದವರ ಹೆಸರು ಹಿಡಿದು ‘ನೀವು ಹೇಗೆ ಮಾಡಿದ್ರಿ, ಸ್ವಲ್ಪ ಹೇಳಿ’ ಅನ್ನಿ. ಕನ್ನಡ, ಇಂಗ್ಲಿಷ್ ಬೆರೆಸಿ ಬರೆದರೂ ನಡೆಯುತ್ತೆ ಅಂತ ಮೊದಲ ವಾರವೇ ಹೇಳಿ.