ಬಿಸಿಲೂರಿನಲ್ಲಿ ಬಿಸಿಯಾಗದ ಎಂಜಿನ್: ಮೆಕ್ಯಾನಿಕ್ ಜೊತೆ ಭಾನುವಾರದ ಪ್ರಶ್ನೋತ್ತರ

ಮೆಕ್ಯಾನಿಕ್, ಬಳ್ಳಾರಿ: ಇವತ್ತು ಗ್ಯಾರೇಜಿಗೆ ರಜೆ. ಡೀಸೆಲ್ ಕಾರಿನ ಎಂಜಿನ್ ಬಿಸಿಯಾಗಲು ತಡವಾಗುತ್ತಿದೆ ಎಂದು ಈ ಚಳಿಗಾಲದಲ್ಲಿ ಹಲವರು ಕೇಳಿದ್ದೀರಿ. ಎಲ್ಲರೂ ನಮ್ಮ ಈ ಗುಂಪಿನಲ್ಲೇ ಕೇಳಿ, ಸಂಜೆಯವರೆಗೆ ಉತ್ತರಿಸುತ್ತೇನೆ. ಗಾಡಿ ಯಾವ ವರ್ಷದ್ದು, ಎಷ್ಟು ಓಡಿದೆ, ದಿನಕ್ಕೆ ಎಷ್ಟು ದೂರ ಹೋಗುತ್ತೀರಿ ಎಂಬುದನ್ನು ತಪ್ಪದೆ ಬರೆಯಿರಿ.

ಸಿರುಗುಪ್ಪದ ಸದಸ್ಯ: 2014ರ ಡೀಸೆಲ್ ಕಾರು, 1,30,000 ಕಿ.ಮೀ. ದಿನಕ್ಕೆ ಸುಮಾರು 40 ಕಿ.ಮೀ. ಓಡಾಟ. ಬೆಳಿಗ್ಗೆ ಶಾಖದ ಮುಳ್ಳು ನಡುವಿಗೆ ಬರಲು ಹತ್ತು ನಿಮಿಷ ಹಿಡಿಯುತ್ತದೆ. ಪಕ್ಕದ ಮನೆಯವರ ಪೆಟ್ರೋಲ್ ಕಾರು ಐದೇ ನಿಮಿಷಕ್ಕೆ ಬಿಸಿಯಾಗುತ್ತದೆ.

ಮೆಕ್ಯಾನಿಕ್: ದೋಷವಿಲ್ಲ. ಡೀಸೆಲ್ ಎಂಜಿನ್ ಸ್ವಲ್ಪ ಇಂಧನವನ್ನು ಬಹಳ ಗಾಳಿಯಲ್ಲಿ ಸುಡುತ್ತದೆ, ಪೋಲಾಗುವ ಶಾಖ ಕಡಿಮೆ. ಅದಕ್ಕೇ ಮೈಲೇಜು ಹೆಚ್ಚು, ಅದಕ್ಕೇ ಬಿಸಿಯಾಗುವುದು ನಿಧಾನ. ಮುಳ್ಳು ನಡುವಿಗೆ ಬಂದು ಅಲ್ಲಿಯೇ ನಿಲ್ಲುತ್ತದೆ ಎಂದಾದರೆ ಪಕ್ಕದ ಮನೆಯ ಕಾರನ್ನು ನೋಡುವುದು ಬಿಡಿ.

ಮಾನ್ವಿಯ ಸದಸ್ಯ: ಬೆಳಿಗ್ಗೆ ಹೊರಡುವ ಮೊದಲು ಹತ್ತು ನಿಮಿಷ ಎಂಜಿನ್ ಚಾಲೂ ಇಡಬೇಕು ಎನ್ನುತ್ತಾರೆ, ಸರಿಯೇ?

ಮೆಕ್ಯಾನಿಕ್: ಬೇಡ. ನಿಂತಲ್ಲಿ ಡೀಸೆಲ್ ಎಂಜಿನ್ ಬಿಸಿಯಾಗುವುದೇ ಇಲ್ಲ ಎನ್ನಬಹುದು, ಮಸಿ ಮಾತ್ರ ಕಟ್ಟುತ್ತದೆ. ಅರ್ಧ ನಿಮಿಷ ಬಿಟ್ಟು ಹೊರಡಿ. ಮೊದಲ ನಾಲ್ಕೈದು ಕಿ.ಮೀ. ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ.

ಕುಷ್ಟಗಿಯ ಸದಸ್ಯ: ನನಗೆ ಬಂದ ಸಂದೇಶವನ್ನು ಎಲ್ಲರ ಉಪಯೋಗಕ್ಕಾಗಿ ಹಾಕುತ್ತಿದ್ದೇನೆ. "ರೇಡಿಯೇಟರ್ ಮುಂದೆ ರಟ್ಟಿನ ಹಾಳೆ ಕಟ್ಟಿ, ಟ್ಯಾಂಕಿಗೆ ಎರಡು ಕರ್ಪೂರದ ಬಿಲ್ಲೆ ಮತ್ತು ಅರ್ಧ ಲೀಟರ್ ಸೀಮೆಎಣ್ಣೆ ಹಾಕಿ. ಎಂಜಿನ್ ಎರಡೇ ನಿಮಿಷದಲ್ಲಿ ಬಿಸಿ. ಹತ್ತು ಜನರಿಗೆ ಕಳುಹಿಸಿ."

ಮೆಕ್ಯಾನಿಕ್: ಯಾರಿಗೂ ಕಳುಹಿಸಬೇಡಿ. ರಟ್ಟು ಕಟ್ಟುವುದು ಹಿಮ ಬೀಳುವ ಊರಿನವರ ಉಪಾಯ. ಇಲ್ಲಿ ಬೆಳಿಗ್ಗೆ ಕಟ್ಟಿ ಮಧ್ಯಾಹ್ನ ಬಿಚ್ಚಲು ಮರೆತರೆ ಎಂಜಿನ್ ಕುದಿದು ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಯ ಕೆಳಗಿನ ಸೀಲು) ಹೋಗುತ್ತದೆ. ಕಾಮನ್ ರೈಲ್ (ಭಾರೀ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ) ಗಾಡಿಯ ಪಂಪಿಗೂ ಇಂಜೆಕ್ಟರಿಗೂ ಡೀಸೆಲ್ಲೇ ಜಾರುಎಣ್ಣೆ. ಸೀಮೆಎಣ್ಣೆ ಬೆರೆಸಿದರೆ ಆ ಜಾರು ಕಡಿಮೆಯಾಗಿ ಪಂಪು ತನ್ನನ್ನು ತಾನೇ ಸವೆಸಿಕೊಳ್ಳುತ್ತದೆ. ಕರ್ಪೂರವನ್ನು ದೇವರ ಮುಂದೆ ಹಚ್ಚಿ.

ಗಂಗಾವತಿಯ ಸದಸ್ಯ: 2020ರ ಬಿಎಸ್ 6 ಡೀಸೆಲ್, ಹೋದ ವರ್ಷ ಸೆಕೆಂಡ್ ಹ್ಯಾಂಡ್ ಕೊಂಡಿದ್ದು, 78,000 ಕಿ.ಮೀ. ಮನೆಯಿಂದ ಅಕ್ಕಿ ಗಿರಣಿಗೆ 3 ಕಿ.ಮೀ., ದಿನಕ್ಕೆ ನಾಲ್ಕೈದು ಸಲ. ಮುಳ್ಳು ಎಂದೂ ಕಾಲು ಭಾಗ ದಾಟುವುದಿಲ್ಲ. ನಾನಂತೂ ಎಂಜಿನ್ ತಣ್ಣಗಿದೆ ಎಂದು ಸಂತೋಷಪಟ್ಟಿದ್ದೆ. ಈಗ ಡಿಪಿಎಫ್ (ಹೊಗೆಯ ಜರಡಿ) ದೀಪ ಹತ್ತಿದೆ. ಇನ್ನೊಂದು ವಿಚಿತ್ರ: ಎಂಜಿನ್ ಆಯಿಲ್ ಹಾಕಿಸಿ ನಾಲ್ಕು ತಿಂಗಳಾಯಿತು, ಕಡಿಮೆಯಾಗಿಲ್ಲ, ಬದಲಿಗೆ ಹೆಚ್ಚಾಗಿದೆ. ಒಳ್ಳೆಯ ಲಕ್ಷಣವೇ?

ಮೆಕ್ಯಾನಿಕ್: ಅಲ್ಲ. ಈಗಲೇ ಹೋಗಿ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ ನೋಡಿ. ಮೇಲಿನ ಗುರುತಿಗಿಂತ ಎಷ್ಟು ಮೇಲಿದೆ? ಒಂದು ಹನಿಯನ್ನು ದಿನಪತ್ರಿಕೆಯ ಮೇಲೆ ಬಿಟ್ಟು, ಮೂಸಿ ನೋಡಿ ಹೇಳಿ. ಅಲ್ಲಿಯವರೆಗೆ ಗಾಡಿ ಚಾಲೂ ಮಾಡಬೇಡಿ.

ರಾಯಚೂರಿನ ಲಾರಿ ಮಾಲೀಕ: ಇಷ್ಟಕ್ಕೆಲ್ಲ ಹೆದರಿಸುವುದೇಕೆ? ನಮ್ಮ ಕಡೆ ಎಂಜಿನ್ ತಣ್ಣಗಿದ್ದರೆ ಪುಣ್ಯ. ನಾನು ಮೂವತ್ತು ವರ್ಷದಿಂದ ಹೊಸ ಗಾಡಿ ಬಂದ ದಿನವೇ, ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ಆ ಥರ್ಮೋಸ್ಟಾಟ್ ಕಿತ್ತು ಎಸೆಯುತ್ತೇನೆ. ಒಂದು ಎಂಜಿನ್ನೂ ಕುದಿದಿಲ್ಲ.

ಬಳ್ಳಾರಿಯ ಪಾಲಿಟೆಕ್ನಿಕ್ ಉಪನ್ಯಾಸಕ: ಇದು ಅವೈಜ್ಞಾನಿಕ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಲಾರಿ ಮಾಲೀಕ: ಪುಸ್ತಕ ಓದಿದವರು ಮೇ ತಿಂಗಳಲ್ಲಿ ರಾಯಚೂರಿಗೆ ಬಂದು ಬಾನೆಟ್ ಮುಟ್ಟಿ ನೋಡಲಿ. ನಿಮ್ಮ ಬಳ್ಳಾರಿಯ ಬಿಸಿಲು ನಮ್ಮ ಬಿಸಿಲಿನ ಮುಂದೆ ಏನೂ ಅಲ್ಲ.

ಉಪನ್ಯಾಸಕ: ಬಳ್ಳಾರಿಯ ಬಿಸಿಲನ್ನು ಹಗುರವಾಗಿ ಕಾಣಬೇಡಿ. ನಮ್ಮ ಬೆಟ್ಟದ ಬಂಡೆ ರಾತ್ರಿ ಹತ್ತಕ್ಕೂ ಕಾದಿರುತ್ತದೆ.

ಸಿಂಧನೂರಿನ ಸದಸ್ಯ: ಇಬ್ಬರಿಗೂ ಮಜ್ಜಿಗೆ ಕೊಡಿ. ನನ್ನ ಪ್ರಶ್ನೆ: 2017ರ ಗಾಡಿ, ಬೆಳಿಗ್ಗೆ ಮೂರು ಸಲ ಸೆಲ್ಫ್ ಹೊಡೆಯಬೇಕು, ಬಿಳಿ ಹೊಗೆ ಬರುತ್ತದೆ, ಎರಡು ನಿಮಿಷ ನಡುಗಿ ಸರಿಯಾಗುತ್ತದೆ. ಥರ್ಮೋಸ್ಟಾಟ್ ಬದಲಿಸಬೇಕೇ?

ಮೆಕ್ಯಾನಿಕ್: ಅದು ಬೇರೆ ರೋಗ. ತಣ್ಣನೆಯ ಎಂಜಿನ್ ಹತ್ತಲು ಸಿಲಿಂಡರಿನೊಳಗೆ ಕಾಯಿಸುವ ಗ್ಲೋ ಪ್ಲಗ್ ನೋಡಿಸಿ. ತಂತಿ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ ಚೆನ್ನಾಗಿರುವ ಪ್ಲಗ್ ಒಂದು ಓಮ್ ಆಸುಪಾಸಿನಲ್ಲಿ ತೋರಿಸುತ್ತದೆ, ಸತ್ತದ್ದು ಏನೂ ತೋರಿಸುವುದಿಲ್ಲ. ಬಿಚ್ಚುವಾಗ ಬಲ ಹಾಕಬೇಡಿ, ತುಂಡಾಗಿ ಹೆಡ್ಡಿನೊಳಗೆ ಉಳಿದರೆ ದೊಡ್ಡ ಖರ್ಚು.

ಲಾರಿ ಮಾಲೀಕರಿಗೆ ಒಂದೇ ಸಲ ಹೇಳುತ್ತೇನೆ. ನಿಮ್ಮ ಹಳೆಯ ಲಾರಿ ದಿನವಿಡೀ ಭಾರ ಎಳೆಯುತ್ತಿತ್ತು, ಅದರಲ್ಲಿ ಕಂಪ್ಯೂಟರ್ ಇರಲಿಲ್ಲ, ಡಿಪಿಎಫ್ ಇರಲಿಲ್ಲ. ನಡೆಯಿತು. ಈಗಿನ ಕಾರಿನಲ್ಲಿ ಥರ್ಮೋಸ್ಟಾಟ್ ಎರಡು ಬಾಗಿಲಿನ ಕೆಲಸ ಮಾಡುತ್ತದೆ. ಒಳಗಿನ ಮೇಣ 82ರಿಂದ 88 ಡಿಗ್ರಿಯ ಹೊತ್ತಿಗೆ ಕರಗಿ ಹಿಗ್ಗಿ ರೇಡಿಯೇಟರಿನ ದಾರಿ ತೆರೆಯುತ್ತದೆ. ಎಷ್ಟೋ ಎಂಜಿನ್ನುಗಳಲ್ಲಿ ಅದೇ ಹೊತ್ತಿಗೆ ಇನ್ನೊಂದು ಬದಿಯ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂಥದ್ದನ್ನು ಕಿತ್ತೆಸೆದರೆ ಬೈಪಾಸ್ ಸದಾ ತೆರೆದಿರುತ್ತದೆ, ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ. ಡಿಸೆಂಬರಿನಲ್ಲಿ ತಣ್ಣಗಿದ್ದ ಗಾಡಿ ಮೇ ತಿಂಗಳಲ್ಲಿ ಕುದಿಯುತ್ತದೆ. ಯಾವುದಕ್ಕೆ ಹೆದರಿ ಕಿತ್ತಿರೋ ಅದೇ ಬರುತ್ತದೆ. ನಮ್ಮ ಕಡೆ ಗಾಡಿ ಕುದಿಯುವುದು ಹೆಚ್ಚಾಗಿ ಬಿಸಿಲಿನಿಂದಲ್ಲ. ಎಂಜಿನ್ ತಣಿಸುವ ದ್ರವವಾದ ಕೂಲಂಟ್ ಬದಲು ಬೋರ್‌ವೆಲ್ ನೀರು ಸುರಿದು, ರೇಡಿಯೇಟರಿನೊಳಗೆ ಸುಣ್ಣ ಕಟ್ಟಿಸಿರುತ್ತೀರಿ.

ಲಾರಿ ಮಾಲೀಕ: ನನ್ನ ಅನುಭವ ನನಗೆ.

ಗಂಗಾವತಿಯ ಸದಸ್ಯ: ನೋಡಿದೆ. ಮೇಲಿನ ಗುರುತಿಗಿಂತ ಒಂದೂವರೆ ಬೆರಳು ಮೇಲಿದೆ. ನೀರಿನಂತೆ ತೆಳ್ಳಗಿದೆ. ಕಾಗದದ ಮೇಲೆ ನಡುವೆ ಕಪ್ಪು, ಸುತ್ತ ಅಗಲವಾದ ಎಣ್ಣೆ ಉಂಗುರ. ಡೀಸೆಲ್ ವಾಸನೆ.

ಮೆಕ್ಯಾನಿಕ್: ಹಾಲಿನಂತೆ ಬಿಳಿಚಿದ್ದರೆ ಕೂಲಂಟ್ ಸೇರಿದೆ ಎನ್ನುತ್ತಿದ್ದೆ. ಇದು ಡೀಸೆಲ್. ಹೇಗೆ ಸೇರಿತು ಎಂದರೆ, ಡಿಪಿಎಫ್ ಎನ್ನುವುದು ಮಸಿ ಹಿಡಿಯುವ ಜರಡಿ. ಅದು ತುಂಬಿದಾಗ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಹೊಗೆಯನ್ನು ಸುಮಾರು 600 ಡಿಗ್ರಿಗೆ ಏರಿಸಿ ಮಸಿಯನ್ನು ಸುಡುತ್ತದೆ. ಅದಕ್ಕೆ ಎಂಜಿನ್ ಪೂರ್ತಿ ಬಿಸಿಯಾಗಿರಬೇಕು ಮತ್ತು ಗಾಡಿ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಓಡಬೇಕು. ನಿಮ್ಮದು ಬಿಸಿಯೂ ಆಗುವುದಿಲ್ಲ, ಓಡುವುದೂ ಇಲ್ಲ. ಸುಡುವ ಕೆಲಸ ಮತ್ತೆ ಮತ್ತೆ ಅರ್ಧಕ್ಕೆ ನಿಲ್ಲುತ್ತದೆ. ಸುಡದೆ ಉಳಿದ ಡೀಸೆಲ್ ತಣ್ಣನೆಯ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ. ತೆಳುವಾದ ಆಯಿಲ್ ಬೇರಿಂಗನ್ನೂ ಟರ್ಬೊವನ್ನೂ ಕಾಯುವುದಿಲ್ಲ. ಮಟ್ಟ ಇನ್ನೂ ಏರಿದರೆ ಬ್ರೀದರ್ ಕೊಳವೆಯ ಮೂಲಕ ಆಯಿಲ್ ಗಾಳಿಯ ದಾರಿಗೆ ಹೋಗಿ, ಎಂಜಿನ್ ತನ್ನ ಆಯಿಲನ್ನೇ ಇಂಧನವಾಗಿ ಉರಿಸಿಕೊಂಡು ಓಡಬಹುದು. ಆಗ ಕೀ ತೆಗೆದರೂ ನಿಲ್ಲುವುದಿಲ್ಲ. ಅದಕ್ಕೇ ಚಾಲೂ ಮಾಡಬೇಡಿ ಎಂದೆ. ಊರಿನ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ ಆಯಿಲನ್ನೂ ಫಿಲ್ಟರನ್ನೂ ಬದಲಿಸಿ. ಡಿಪಿಎಫ್‌ಗೆ ಹೊಂದುವ ಕಡಿಮೆ ಬೂದಿಯ ಆಯಿಲ್, ಕೈಪಿಡಿಯಲ್ಲಿ ಹೇಳಿದ ದರ್ಜೆಯದ್ದೇ ಆಗಬೇಕು.

ಕಾರಣ ಹುಡುಕೋಣ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ತರಿಸಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಚಾಲೂ ಮಾಡುವ ಮೊದಲು, ಕೂಲಂಟ್ ಮತ್ತು ಒಳಬರುವ ಗಾಳಿಯ ಶಾಖ ಎರಡನ್ನೂ ಓದಿ. ಎರಡೂ ಹೆಚ್ಚು ಕಡಿಮೆ ಒಂದೇ ಇದ್ದರೆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ತಣ್ಣಗಿರುವಾಗಲೇ ಕೂಲಂಟ್ ಮಟ್ಟ ನೋಡಿ. ಕೂಲಂಟ್ ಕಡಿಮೆಯಿದ್ದು ಸೆನ್ಸರ್ ಅದರಲ್ಲಿ ಮುಳುಗದೆ ಗಾಳಿಯಲ್ಲಿದ್ದರೂ ಶಾಖ ಕಡಿಮೆ ತೋರಿಸುತ್ತದೆ. ಬಿಸಿಯಿದ್ದಾಗ ಮುಚ್ಚಳ ತೆಗೆಯಬೇಡಿ. ಆಯಿಲ್ ಬದಲಿಸಿದ ಮೇಲೆ ಕಾರಟಗಿ ಕಡೆಗೆ ಇಪ್ಪತ್ತು ನಿಮಿಷ ಓಡಿಸಿ, ಪಕ್ಕದಲ್ಲಿ ಒಬ್ಬರು ಕುಳಿತು ಐದೈದು ನಿಮಿಷಕ್ಕೆ ಶಾಖ ಬರೆದುಕೊಳ್ಳಲಿ. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ.

ಹೊಸಪೇಟೆಯ ಸದಸ್ಯ: 2016ರ ಗಾಡಿ, 95,000 ಕಿ.ಮೀ., ದಿನಕ್ಕೆ 60. ರೇಡಿಯೇಟರ್ ಫ್ಯಾನ್ ಬೆಳಿಗ್ಗೆ ಚಾಲೂ ಮಾಡಿದ ಕ್ಷಣದಿಂದಲೇ ತಿರುಗುತ್ತದೆ. ಬಿಸಿಯಾಗದಿರಲು ಇದೇ ಕಾರಣವೇ?

ಕೊಪ್ಪಳದ ಸದಸ್ಯ: ಇದು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಗುಂಪು. ಹೊಸಪೇಟೆ 2021ರಲ್ಲೇ ಬೇರೆ ಜಿಲ್ಲೆಯಾಗಿದೆ.

ಹೊಸಪೇಟೆಯ ಸದಸ್ಯ: ಜಿಲ್ಲೆ ಬೇರೆಯಾದರೆ ನನ್ನ ಫ್ಯಾನ್ ಬೇರೆಯಾಯಿತೇ? ನೀವು ಕುಡಿಯುವ ತುಂಗಭದ್ರೆಯ ನೀರು ನಮ್ಮ ಅಣೆಕಟ್ಟಿನದ್ದು.

ಕೊಪ್ಪಳದ ಸದಸ್ಯ: ಅಣೆಕಟ್ಟಿನ ಎಡದಂಡೆ ನಮ್ಮ ಕಡೆ. ಆ ದಂಡೆಯ ಮುನಿರಾಬಾದ್ ಯಾವ ಜಿಲ್ಲೆ, ನೋಡಿಕೊಳ್ಳಿ.

ಸಿರುಗುಪ್ಪದ ಸದಸ್ಯ: ಕಾಲುವೆಯ ಕೊನೆಯಲ್ಲಿ ಕುಳಿತ ನಮ್ಮನ್ನು ಇಬ್ಬರೂ ಕೇಳಿ.

(ಇಲ್ಲಿಂದ ಮುಂದೆ ಇಪ್ಪತ್ತಕ್ಕೂ ಹೆಚ್ಚು ಮಾತುಗಳು ನೀರಿನ ಮೇಲೆ. ಫ್ಯಾನಿನ ಪ್ರಶ್ನೆಗೆ ಉತ್ತರ ಬರಲಿಲ್ಲ.)

ಲಿಂಗಸುಗೂರಿನ ಸದಸ್ಯ: ಥರ್ಮೋಸ್ಟಾಟ್ ಕೆಟ್ಟಿದೆಯೇ ಎಂದು ಮನೆಯಲ್ಲೇ ತಿಳಿಯುವುದು ಹೇಗೆ?

ಮೆಕ್ಯಾನಿಕ್: ತಣ್ಣನೆಯ ಎಂಜಿನ್ ಚಾಲೂ ಮಾಡಿ ಥರ್ಮೋಸ್ಟಾಟಿನಿಂದ ರೇಡಿಯೇಟರಿಗೆ ಹೋಗುವ ಪೈಪ್ ಮುಟ್ಟಿ, ಫ್ಯಾನಿನಿಂದ ಕೈ ದೂರವಿರಲಿ. ಬಹಳ ಹೊತ್ತು ತಣ್ಣಗಿದ್ದು ನಂತರ ಒಮ್ಮೆಗೆ ಬಿಸಿಯಾದರೆ ಸರಿಯಿದೆ. ಮೊದಲಿನಿಂದಲೇ ಮೆಲ್ಲಮೆಲ್ಲಗೆ ಬೆಚ್ಚಗಾಗುತ್ತಾ ಹೋದರೆ ಬಾಗಿಲು ತೆರೆದೇ ಇದೆ. ಬಿಚ್ಚಿದ ಥರ್ಮೋಸ್ಟಾಟನ್ನು ಪಾತ್ರೆಯ ನೀರಿಗೆ ಹಾಕಿ ಕಾಯಿಸಿಯೂ ನೋಡಬಹುದು. ಅಡುಗೆಯ ಪಾತ್ರೆ ಬೇಡ.

ದೇವದುರ್ಗದ ಸದಸ್ಯ: ಬೆಳಿಗ್ಗೆ ಎಷ್ಟು ನಿಮಿಷ ಚಾಲೂ ಇಡಬೇಕು ಸರ್?

ಮೆಕ್ಯಾನಿಕ್: ಮೇಲೆ ಓದಿ.

ಯಲಬುರ್ಗಾದ ಸದಸ್ಯ: ಹತ್ತು ನಿಮಿಷ ನಿಲ್ಲಿಸಿ ಬಿಸಿ ಮಾಡಿದರೆ ಒಳ್ಳೆಯದಲ್ಲವೇ?

ಮೆಕ್ಯಾನಿಕ್: ಮೇಲೆ ಓದಿ ಎಂದು ಈಗಷ್ಟೇ ಬರೆದೆ.

ಕುಷ್ಟಗಿಯ ಸದಸ್ಯ: ಕರ್ಪೂರ ಹಾಕಿದವರೊಬ್ಬರ ವಿಡಿಯೊ ಸಿಕ್ಕಿದೆ, ಹಾಕಲೇ?

ಮೆಕ್ಯಾನಿಕ್: ಹಾಕಿದರೆ ನಾನು ಗುಂಪು ಬಿಡುತ್ತೇನೆ.

ಗಂಗಾವತಿಯ ಸದಸ್ಯ (ಮಂಗಳವಾರ): ಆಯಿಲ್ ಬದಲಿಸಿದೆ. ಕೂಲಂಟ್ ಮಟ್ಟ ಸರಿಯಿತ್ತು. ಬೆಳಿಗ್ಗೆ ಚಾಲೂ ಮಾಡುವ ಮೊದಲು ಕೂಲಂಟ್ 19, ಗಾಳಿ 20. ಐದು ನಿಮಿಷಕ್ಕೆ 41, ಹತ್ತಕ್ಕೆ 57, ಊರೊಳಗೆ ಹದಿನೈದಕ್ಕೆ 66. ಹೆದ್ದಾರಿಗೆ ಬಂದು 80ರ ವೇಗ ಹಿಡಿದರೆ 58ಕ್ಕೆ ಇಳಿಯಿತು. ಪಿ0128 ಎಂಬ ಕೋಡ್ ಇದೆ.

ಮೆಕ್ಯಾನಿಕ್: ವೇಗ ಹೆಚ್ಚಿದಾಗ ಶಾಖ ಇಳಿಯಿತಲ್ಲ, ಅಲ್ಲಿಗೆ ಮುಗಿಯಿತು. ಗಾಳಿ ಹೊಡೆದಂತೆಲ್ಲ ರೇಡಿಯೇಟರ್ ತಣಿಸುತ್ತಿದೆ, ತಡೆಯುವವರು ಯಾರೂ ಇಲ್ಲ. ಕೋಡ್ ಹೇಳುವುದೂ ಅದನ್ನೇ, ನಿಗದಿತ ಹೊತ್ತಿಗೆ ಕೂಲಂಟ್ ಬಿಸಿಯಾಗಿಲ್ಲ ಎಂದು. ಥರ್ಮೋಸ್ಟಾಟಿನ ಹೌಸಿಂಗ್ ಬಿಚ್ಚಿಸಿ ಫೋಟೊ ಹಾಕಿ.

ಗಂಗಾವತಿಯ ಸದಸ್ಯ (ಬುಧವಾರ): ಫೋಟೊ ಹಾಕಿದ್ದೇನೆ. ಒಳಗೆ ಏನೂ ಇಲ್ಲ. ಥರ್ಮೋಸ್ಟಾಟ್ ಇರಬೇಕಾದ ಜಾಗ ಖಾಲಿ. ಹಿಂದಿನ ಮಾಲೀಕರಿಗೆ ಕರೆ ಮಾಡಿದೆ. ಬೇಸಿಗೆಗೆಂದು ತೆಗೆಸಿದ್ದರಂತೆ.

ಉಪನ್ಯಾಸಕ: ರಾಯಚೂರಿನವರು ಫೋಟೊ ನೋಡಿದರೇ?

ಲಾರಿ ಮಾಲೀಕ: ಕಾರಿನ ವಿಷಯ ನಾನು ಎಲ್ಲಿ ಹೇಳಿದೆ? ಲಾರಿಯ ಮಾತಾಡಿದೆ.

ಉಪನ್ಯಾಸಕ: ಮೇಲೆ ಓದಿ.

ಗಂಗಾವತಿಯ ಸದಸ್ಯ (ಶನಿವಾರ): ಹೊಸ ಥರ್ಮೋಸ್ಟಾಟ್, ಹೊಸ ಕೂಲಂಟ್ ಹಾಕಿಸಿದೆ. ಹನ್ನೆರಡನೆಯ ನಿಮಿಷಕ್ಕೆ 85 ಮುಟ್ಟಿ ಹೆದ್ದಾರಿಯಲ್ಲೂ ಅಲ್ಲಿಯೇ ನಿಂತಿತು. ಡಿಪಿಎಫ್ ದೀಪ ಮಾತ್ರ ಆರಿಲ್ಲ.

ಮೆಕ್ಯಾನಿಕ್: ಮಸಿ ಎಷ್ಟು ತುಂಬಿದೆ ಎಂದು ಸ್ಕ್ಯಾನರಿನಲ್ಲಿ ನೋಡದೆ ಓಡಿಸಿ ಸುಡಲು ಹೋಗಬೇಡಿ. ಸೋಮವಾರ ಕಂಪ್ಲಿ, ಕುರುಗೋಡು ಮಾರ್ಗವಾಗಿ ನಿಧಾನವಾಗಿ ಬನ್ನಿ. ಹೊರಡುವ ಮೊದಲು ಡಿಪ್‌ಸ್ಟಿಕ್ ನೋಡಿ.

ಹೊಸಪೇಟೆಯ ಸದಸ್ಯ: ನನ್ನ ಫ್ಯಾನ್?