ಗುಹೆಯಲ್ಲಿ ಕಾಯಿಯೇ ಇರಲಿಲ್ಲ, ಬೆಕಿ ಬದಲಾಗಿದ್ದು ಹೇಗೆ?

ರಾತ್ರಿಪಾಳಿ:
ನಿನ್ನೆ ರಾತ್ರಿ ‘ಇನ್ವೇಷನ್ ಆಫ್ ದ ಬಾಡಿ ಸ್ನ್ಯಾಚರ್ಸ್’ ನೋಡಿದೆ. 1956ರದು, ಡಾನ್ ಸೀಗಲ್ ನಿರ್ದೇಶನದ ಕಪ್ಪುಬಿಳುಪು ಸಿನಿಮಾ. ನೋಡದವರು ಇಲ್ಲಿಗೇ ನಿಲ್ಲಿಸಿ, ಕಥೆ ಪೂರ್ತಿ ಹೇಳಿಬಿಡುತ್ತೇನೆ.

ಕ್ಯಾಲಿಫೋರ್ನಿಯಾದ ಸಾಂತಾ ಮೀರಾ ಅಂತ ಒಂದು ಸಣ್ಣ ಊರು. ಬಾಹ್ಯಾಕಾಶದಿಂದ ಬಿದ್ದ ಬೀಜ ಹೊಲದಲ್ಲಿ ಬೇರೂರಿ, ಹಲಸಿನ ಹಣ್ಣಿಗಿಂತ ದೊಡ್ಡ ಕಾಯಿ ಬಿಡುತ್ತದೆ. ಆ ಕಾಯಿಯನ್ನು ಯಾರದೋ ಮನೆಯ ನೆಲಮಾಳಿಗೆಯಲ್ಲೋ, ಕಾರಿನ ಡಿಕ್ಕಿಯಲ್ಲೋ ಇಟ್ಟರೆ ಸಾಕು. ಹತ್ತಿರ ಮಲಗಿದವರ ಪಡಿಯಚ್ಚು ಅದರೊಳಗೆ ಬೆಳೆಯುತ್ತದೆ. ಬೆಳಗಾಗುವಷ್ಟರಲ್ಲಿ ಅವರ ಜಾಗದಲ್ಲಿ ಇದು ಎದ್ದು ಕಾಫಿ ಕುಡಿಯುತ್ತಿರುತ್ತದೆ. ಇಲ್ಲಿಯವರೆಗೂ ಸರಿ.

ಕೊನೆಯಲ್ಲಿ ಡಾಕ್ಟರ್ ಮೈಲ್ಸ್ ಮತ್ತು ಬೆಕಿ ಹಳೆಯ ಗಣಿಯ ಸುರಂಗದಲ್ಲಿ ಅಡಗುತ್ತಾರೆ. ದೂರದಲ್ಲಿ ಹಾಡು ಕೇಳಿ, ಯಾರಿರಬಹುದು ಅಂತ ಮೈಲ್ಸ್ ನೋಡಿಬರಲು ಹೋಗುತ್ತಾನೆ. ವಾಪಸ್ ಬರುವಷ್ಟರಲ್ಲಿ ಅವಳಿಗೆ ಜೊಂಪು ಹತ್ತಿರುತ್ತದೆ. ಮುತ್ತಿಟ್ಟರೆ, ಅವಳು ಅವಳಲ್ಲ! ಅಲ್ಲಾ, ಅಲ್ಲಿ ಕಾಯಿ ಎಲ್ಲಿತ್ತು? ಹಳೇ ದೇಹ ಎಲ್ಲಿಗೆ ಹೋಯಿತು? ಹೊಸಬಳಿಗೆ ಅದೇ ಬಟ್ಟೆ ಹಾಕಿದ್ದು ಯಾರು?

ಸೆಕೆಂಡ್‌ಶೋ:
ಗುರುವೇ, ಸುಮಾರು 4 ಲಕ್ಷ ಡಾಲರಿನ ಸಿನಿಮಾ ಅದು. ಆ ಕಾಲದ ಹಾಲಿವುಡ್‌ಗೂ ಸಣ್ಣ ಮೊತ್ತವೇ. ಗಾಜಿನಮನೆಯಲ್ಲಿ ನೊರೆ ಉಕ್ಕಿಸಿಕೊಂಡು ಕಾಯಿ ಬಿರಿಯುವ ಸೀನ್ ಇದೆಯಲ್ಲ, ಅದಕ್ಕೇ ಎಲ್ಲಾ ಖರ್ಚಾಗಿರಬೇಕು. ಸುರಂಗಕ್ಕೆ ಇನ್ನೊಂದು ಕಾಯಿ ತರೋಕೆ ಕಾಸಿರಲಿಲ್ಲ ಅಂದುಕೊಳ್ಳಿ.

ಅರಳೀಕಟ್ಟೆ:
ತಮಾಷೆ ಹಾಗಿರಲಿ. ತಪ್ಪು ತಪ್ಪೇ, ಮುಚ್ಚಿಡುವುದು ಬೇಡ. ಆದರೆ ನಾಲ್ಕೈದು ಸಲ ನೋಡಿದ ಮೇಲೆ ನನಗೆ ಅನ್ನಿಸಿದ್ದು ಹೇಳುತ್ತೇನೆ. ಸಿನಿಮಾ ಪೂರ್ತಿ ನಡೆಯುವುದು ನಕಲು ಮಾಡುವ ಲೆಕ್ಕದಲ್ಲಿ. ಸುರಂಗದಲ್ಲಿ ಮಾತ್ರ ಅದು ಪರಕಾಯ ಪ್ರವೇಶ. ಶಂಕರಾಚಾರ್ಯರು ಅಮರುಕ ರಾಜನ ದೇಹ ಹೊಕ್ಕ ಹಾಗೆ, ದೇಹ ಅದೇ, ಒಳಗಿರುವವರು ಬೇರೆ. ಒಂದು ವ್ಯತ್ಯಾಸ ಉಂಟು. ನಮ್ಮ ಕಥೆಯಲ್ಲಿ ರಾಜ ಮೊದಲಿಗಿಂತ ಜಾಣನಾಗಿದ್ದಾನಲ್ಲ ಅಂತ ಅನುಮಾನ ಬರುತ್ತದೆ. ಇಲ್ಲಿ ಏನೋ ಕಡಿಮೆಯಾಗಿದೆ ಅಂತ ಬರುತ್ತದೆ.

ಆ ಕಡಿಮೆಯಾದದ್ದು ಏನು ಅಂತ ಬೆಕಿಯ ಸೋದರಸಂಬಂಧಿ ವಿಲ್ಮಾ ಶುರುವಿನಲ್ಲೇ ಹೇಳಿಬಿಡುತ್ತಾಳೆ. ಅವಳ ಮಾವ ಐರಾ ಹೊರಗೆ ಹುಲ್ಲು ಕತ್ತರಿಸುತ್ತಿರುತ್ತಾನೆ. ಮುಖ ಅದೇ, ದನಿ ಅದೇ, ಹಳೆಯದೆಲ್ಲ ನೆನಪಿದೆ. ಅವಳನ್ನು ಮಾತಾಡಿಸುವಾಗ ಕಣ್ಣಿನಲ್ಲಿ ಇರುತ್ತಿದ್ದದ್ದು ಮಾತ್ರ ಇಲ್ಲ. ನನಗೆ ಮೈ ಜುಮ್ಮೆಂದದ್ದು ಆ ಮಟಮಟ ಬಿಸಿಲಿನ ಸೀನ್‌ಗೇ. ಕಾಯಿ, ನೊರೆ ಎಲ್ಲ ಆಮೇಲೆ.

ಯಾಕೆ ಅಂದರೆ ನಮ್ಮ ಅಜ್ಜಿ ಕೊನೆಗಾಲದಲ್ಲಿ ಅಪ್ಪನಿಗೆ ಇದೇ ಮಾತು ಹೇಳುತ್ತಿದ್ದರು. ಅಪ್ಪ ಬೆಳಗ್ಗೆ ಕಾಫಿ ಲೋಟ ಹಿಡಿದು ಎದುರು ನಿಂತರೆ, ‘ನೀನು ಅವನ ಥರಾನೇ ಇದ್ದೀಯಪ್ಪ, ಆದ್ರೆ ಅವನಲ್ಲ. ಅವನನ್ನ ಕಳಿಸು’ ಅನ್ನುತ್ತಿದ್ದರು. ಇದಕ್ಕೆ ಕಾಪ್‌ಗ್ರಾಸ್ ಅಂತ ಹೆಸರಿದೆ ಅಂದರು ಡಾಕ್ಟರು. ಅಪ್ಪ ಒಂದು ಉಪಾಯ ಕಂಡುಕೊಂಡರು. ಅಡುಗೆಮನೆಯಿಂದಲೇ ‘ಅವ್ವಾ, ಕಾಫಿ ತರ್ಲಾ?’ ಅಂತ ಕೂಗುವುದು. ದನಿ ಕೇಳಿದರೆ ಅಜ್ಜಿಗೆ ಮಗ ಗೊತ್ತಾಗುತ್ತಿದ್ದ, ‘ತಾರೋ’ ಅನ್ನುತ್ತಿದ್ದರು. ಲೋಟ ತಂದುಕೊಡುವ ಕೆಲಸ ನನ್ನದು. ಅಪ್ಪ ಬಾಗಿಲ ಮರೆಯಲ್ಲೇ ನಿಂತಿರುತ್ತಿದ್ದರು.

ಅದಕ್ಕೇ ಸುರಂಗದ ಸೀನ್‌ನಲ್ಲಿ ಲೆಕ್ಕ ತಪ್ಪಿದ್ದು ನನಗೆ ಬೇಜಾರಾಗಲಿಲ್ಲ. ಅಲ್ಲಿ ಇನ್ನೊಂದು ಕಾಯಿ ತೋರಿಸಿದ್ದರೆ ಕಣ್ಣು ಅದರ ಕಡೆ ಹೋಗುತ್ತಿತ್ತು. ಈಗ ತೆರೆ ತುಂಬಾ ಬೆಕಿಯಾಗಿ ನಟಿಸಿದ ಡಾನಾ ವಿಂಟರ್ ಮುಖ ಬರುತ್ತದೆ. ಕಣ್ಣು ಬಿಡುತ್ತಾಳೆ, ಅಷ್ಟೇ.

ರಾತ್ರಿಪಾಳಿ:
ನಿಮ್ಮ ಅಜ್ಜಿಯ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಬಟ್ಟೆಯ ಪ್ರಶ್ನೆ ವಾಪಸ್ ತಗೊಂಡೆ. ಇನ್ನೊಂದು ಕೇಳಲಾ? ಮೊದಲಲ್ಲಿ, ಕೊನೆಯಲ್ಲಿ ಆಸ್ಪತ್ರೆ ಸೀನ್ ಯಾಕೆ? ಹೊಲಿಗೆ ಹಾಕಿ ಸೇರಿಸಿದ ಹಾಗಿದೆ.

ಸೆಕೆಂಡ್‌ಶೋ:
ಸೇರಿಸಿದ್ದೇ! ಸೀಗಲ್ ಮುಗಿಸಿದ್ದು ಹೈವೇಯಲ್ಲಿ. ಮೈಲ್ಸ್ ಕಾರುಗಳ ನಡುವೆ ಓಡಾಡುತ್ತಾ, ಮುಂದಿನ ಸರದಿ ನಿಮ್ಮದೇ ಅಂತ ಕಿರುಚುತ್ತಾನಲ್ಲ, ಅಲ್ಲಿಗೆ. ತೀರಾ ನಿರಾಶೆಯಾಯಿತು ಅಂತ ಸ್ಟುಡಿಯೋದವರು ಆಸ್ಪತ್ರೆ ಹಾಕಿಸಿದರು. ನಾನು ಅದನ್ನು ಲೆಕ್ಕಕ್ಕೇ ಇಟ್ಟಿಲ್ಲ. 1978ರ ರೀಮೇಕ್ ನೋಡಿ. ಅದೇ ನಟ ಕೆವಿನ್ ಮೆಕಾರ್ಥಿ ಸ್ಯಾನ್ ಫ್ರಾನ್ಸಿಸ್ಕೋ ರಸ್ತೆಯಲ್ಲಿ ಕಾರಿಗೆ ಅಡ್ಡ ಬಂದು ಕಿರುಚುತ್ತಾರೆ. 22 ವರ್ಷದಿಂದ ಓಡುತ್ತಲೇ ಇದ್ದಾರೆ ಪಾಪ. ಟ್ಯಾಕ್ಸಿ ಡ್ರೈವರ್ ಯಾರು ಅಂತಲೂ ಗಮನಿಸಿ, ಸಾಕ್ಷಾತ್ ಸೀಗಲ್.

ರಾತ್ರಿಪಾಳಿ:
ಹಾಗಾದರೆ ಇವತ್ತು ರಾತ್ರಿ ಅದೇ. ಅಮ್ಮ ಊರಿಂದ ತಂದ ಹಲಸಿನ ಹಣ್ಣು ಮಂಚದ ಕೆಳಗಿದೆ, ಮೊದಲು ಅದನ್ನು ಬಾಲ್ಕನಿಗೆ ಸಾಗಿಸುತ್ತೇನೆ.