ಅಪ್‌ಡೇಟ್: ಬೊಗೋಟಾದಲ್ಲಿ ಅರ್ಧ ದಿನ

ವಿಮಾನ ಬದಲಿಸುವ ನಡುವೆ ಸಿಗುವ ಹೊತ್ತಲ್ಲಿ ಕೊಲಂಬಿಯಾದ ರಾಜಧಾನಿ ಬೊಗೋಟಾ ನೋಡಬಹುದಾ ಎಂದು ಕೇಳಿದ್ದೆನಲ್ಲ, ಆರಾಮಾಗಿ ನೋಡಿದೆವು! ನಿಮ್ಮ ಮಾತು ಕೇಳಿ ಮೊದಲು ಚಿನ್ನದ ಮ್ಯೂಸಿಯಂಗೇ ಹೋದೆವು. ಸೋಮವಾರ ಅದಕ್ಕೆ ರಜೆ, ಗಮನವಿರಲಿ. ಅಲ್ಲಿನ ಮುಯಿಸ್ಕಾ ತೆಪ್ಪ (ಮುಯಿಸ್ಕಾ ಎಂಬ ಅಲ್ಲಿನ ಮೂಲನಿವಾಸಿಗಳು ಹಿಂದೆ ಮಾಡಿದ ತೆಪ್ಪದ ಪುಟ್ಟ ಮಾದರಿ) ಒಂದು ಗೇಣು ಉದ್ದ ಅಷ್ಟೇ. ನಡುವೆ ದೊಡ್ಡ ನಾಯಕ, ಸುತ್ತ ಪುಟ್ಟ ಪುಟ್ಟ ಆಳುಗಳು, ಎಲ್ಲ ಚಿನ್ನದ್ದೇ. ಅದರ ಮುಂದಿನಿಂದ ಕದಲೋಕೇ ಮನಸ್ಸು ಬರಲಿಲ್ಲ.

ಮೊನ್ಸೆರಾಟೆ ಬೆಟ್ಟಕ್ಕೆ ಹೋಗೋದು ಬಿಟ್ಟೆವು. ಕೇಬಲ್ ಕಾರಿಗೆ ಕ್ಯೂ ಜಾಸ್ತಿ. ಊರೇ ಸುಮಾರು 2,600 ಮೀಟರ್ ಎತ್ತರದಲ್ಲಿದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಸುಮ್ನೆ ಲಾ ಕಾಂಡೆಲಾರಿಯಾದ ಹಳೇ ಬೀದಿ ಸುತ್ತಿ ಅಹಿಯಾಕೊ ಕುಡಿದೆವು. ಕೋಳಿ, ಮೂರು ಬಗೆಯ ಆಲೂಗಡ್ಡೆ, ಮೆಕ್ಕೆಜೋಳದ ತೆನೆ ಹಾಕಿದ ಸೂಪ್ ಅದು. ಆ ಚಳಿಗೆ ಅದೇ ಸರಿ!

ಭಾನುವಾರ ಹೋಗುವವರಿಗೆ ಒಂದು ಮಾತು: ಮಧ್ಯಾಹ್ನ ಎರಡರವರೆಗೆ ಎಷ್ಟೋ ಮುಖ್ಯ ರಸ್ತೆಗಳು ಸೈಕಲ್‌ನವರ ಪಾಲು. ಟ್ಯಾಕ್ಸಿ ಸುತ್ತು ಹಾಕುತ್ತದೆ, ಬೇಗ ಹೊರಡಿ.